ಹೊರಗಿನಿಂದ ಬಿದ್ದ ಏಟು

ಕೊಡಲಿ ಮತ್ತೊಮ್ಮೆ ಮೇಲೆದ್ದಾಗ ಅವಳು ನೆಲದ ಮೇಲೆ ಮಲಗಿದ್ದ ಬಾಗಿಲಿನ ಮೇಲೆ ಕಾಲಿಟ್ಟುಬಿಟ್ಟಳು.

ಏಟು ಬಿತ್ತು. ಚಪ್ಪಲಿಯ ತುದಿಯಿಂದ ಒಂದು ಬೆರಳಿನಷ್ಟು ಆಚೆ. ಹಸಿರು ಬಣ್ಣದ ಚಕ್ಕೆಯೊಂದು ಸಿಡಿದು ಅವಳ ಕಣಕಾಲಿಗೆ ಚುಚ್ಚಿತು.

"ತಲೆ ಕೆಟ್ಟಿದೆಯೇನ್ರೀ ನಿಮಗೆ?" ಕೊಡಲಿ ಹಿಡಿದವನು ಗುಜರಿ ಅಂಗಡಿಯ ತಗಡೆಲ್ಲ ಅದುರುವ ಹಾಗೆ ಕೂಗಿದ.

"ಒಡೀಬೇಡಿ. ಈ ಬಾಗಿಲು ನನಗೆ ಬೇಕು."

"ಕಾಲು ಬೇಡ್ವಾ?"

"ಕಾಲು ಇನ್ನೊಂದಿದೆ. ಇಂಥ ಬಾಗಿಲು ಇನ್ನೊಂದು ಸಿಗಲ್ಲ."

ತಕ್ಕಡಿಯ ಹಿಂದೆ ಕೂತಿದ್ದ ಗುಜರಿ ಅಂಗಡಿಯ ಮಾವ ಕಿಸಕ್ಕನೆ ನಕ್ಕರು. "ಕೊಟ್ಬಿಡಪ್ಪಾ. ಇವಳು ನಮ್ಮ ಗುಜರಿ ರಾಣಿ. ಮುರಿದದ್ದು, ಜಜ್ಜಿದ್ದು, ಒಡೆದದ್ದು ಎಲ್ಲ ಇವಳಿಗೇ ಸೇರಬೇಕು. ಯಾವತ್ತೋ ಒಂದಿನ ನನ್ನನ್ನೂ ಹೊತ್ಕೊಂಡು ಹೋಗ್ತಾಳೆ."

ಅವನು ನಗಲಿಲ್ಲ. ಕೊಡಲಿಯನ್ನು ಕೆಳಗೆ ಎಸೆಯಲೂ ಇಲ್ಲ. ಮಲಗಿದ ಮಗುವನ್ನು ಎಚ್ಚರವಾಗದಂತೆ ಹಾಸಿಗೆಗೆ ಇಳಿಸುವ ಹಾಗೆ, ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ ಮೆಲ್ಲಗೆ ಇಟ್ಟ. ಆಮೇಲೆ ನಡುಗುತ್ತಿದ್ದ ಬಲಗೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡ. ಅವಳು ಎರಡನ್ನೂ ನೋಡಿದಳು.

ಅವಳು ಬಾಗಿಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದಳು. ಇವತ್ತಿನ ಏಟುಗಳು ಬೆಳ್ಳಗೆ, ಹಸಿಯಾಗಿ ಬಾಯಿ ಬಿಟ್ಟಿದ್ದವು. ಆದರೆ ಬೀಗದ ಪಕ್ಕ ತಲೆ ತೂರುವಷ್ಟು ದೊಡ್ಡ ತೂತೊಂದಿತ್ತು. ಅದರ ಅಂಚು ಕಪ್ಪಾಗಿತ್ತು. ಅದು ಹಳೆಯದು. ಸೀಳಿದ ಮರದ ಮುಳ್ಳುಗಳೆಲ್ಲ ಒಳಮುಖವಾಗಿದ್ದವು. ಬಾಗಿಲನ್ನು ಮಗುಚಿ ನೋಡಿದಳು. ಒಳಮೈಯಲ್ಲಿ, ಮೊಣಕಾಲಿಗಿಂತ ಕೆಳಗೆ, ಸಾಲಾಗಿ ಉಗುರಿನ ಗೀರುಗಳು. ಪಕ್ಕದಲ್ಲಿ ಕಂದು ಕಲೆ. ಅದು ಬಣ್ಣವಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಏಟು ಹೊರಗಿಂದ ಬಿದ್ದಿದೆ," ಅಂದಳು. "ಒಳಗೆ ಯಾರೋ ನೆಲಕ್ಕೆ ಬಿದ್ದಿದ್ದರು. ಯಾರು?"

"ನಮ್ಮಕ್ಕ."

"ಬಾಗಿಲು ಒಡೆದದ್ದು?"

"ನಾನು."

ಅಷ್ಟು ಹೇಳಿ ಕೊಡಲಿ ಎತ್ತಿಕೊಂಡು ಹೊರಟುಹೋದ. ತಿರುಗಿ ನೋಡಿದ್ದು ಒಂದೇ ಸಲ, ಅದೂ ಅವಳನ್ನಲ್ಲ, ರಕ್ತ ಜಿನುಗುತ್ತಿದ್ದ ಅವಳ ಕಣಕಾಲನ್ನು.

ಅವನ ಕಣ್ಣು ಚೆನ್ನಾಗಿದೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಅವಳ ಅಪ್ಪನ ಕಣ್ಣೂ ಚೆನ್ನಾಗಿಯೇ ಇತ್ತು.

*

ಬೆಳಗಿನ ಹೊತ್ತು ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಉಳಿದ ಹೊತ್ತೆಲ್ಲ ಲಾರಿ ರಿಪೇರಿ ನಿಂತುಹೋಗಿದ್ದ ಒಂದು ಗ್ಯಾರೇಜಿನಲ್ಲಿ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ಅಲ್ಲಿ ಅವಳು ಜನ ಸಿಟ್ಟಿನಲ್ಲಿ ಒಡೆದ ಸಾಮಾನುಗಳನ್ನು ಕಲೆಯಾಗಿ ನಿಲ್ಲಿಸುತ್ತಿದ್ದಳು.

ಗೋಡೆಗೆ ಬಡಿದು ಚೂರಾದ ಮೊಬೈಲು, ಅದಕ್ಕಂಟಿದ ಸುಣ್ಣದ ಸಮೇತ, ತಂತಿಯಲ್ಲಿ ತೂಗುತ್ತಿತ್ತು. ಯಾರದೋ ಬೆನ್ನಿನ ಮೇಲೆ ಮುರಿದ ಕುರ್ಚಿ ಮೂರು ಕಾಲಿನಲ್ಲಿ ನಿಂತಿತ್ತು. ಒಂದು ಗೋಡೆಯ ತುಂಬ ಸ್ಟೀಲ್ ತಟ್ಟೆಗಳು, ಒಂದೊಂದರ ಹೊಟ್ಟೆಯೂ ತಗ್ಗು. ಅವು ಅವಳ ಅಮ್ಮನವು. ಅಪ್ಪ ಎಸೆಯುತ್ತಿದ್ದ, ಅಮ್ಮ ಆರಿಸಿ ತೊಳೆದು ಮತ್ತೆ ಅದರಲ್ಲೇ ಬಡಿಸುತ್ತಿದ್ದಳು. ಮನೆಯಲ್ಲಿ ಯಾವ ತಗ್ಗು ಯಾವ ಜಗಳದ್ದು ಎಂದು ಅವಳು ಅಕ್ಷರ ಕಲಿಯುವ ಮೊದಲೇ ಓದಲು ಕಲಿತಿದ್ದಳು.

ಅವಳಿಗೊಂದು ನಿಯಮ. ಸಿಕ್ಕ ಸಾಮಾನಿಗೆ ಬಣ್ಣ ಬಳಿಯುವುದಿಲ್ಲ, ಅರ ಹಾಕಿ ಉಜ್ಜುವುದಿಲ್ಲ, ರಿಪೇರಿ ಮಾಡುವುದಿಲ್ಲ. ಹೇಗೆ ಸಿಕ್ಕಿತೋ ಹಾಗೆ.

ಒಂದು ಮಧ್ಯಾಹ್ನ ಗ್ಯಾರೇಜಿನ ಬೀಗ ಕಚ್ಚಿಕೊಂಡಿತು. ಕೀಲಿ ತಿರುಗಲಿಲ್ಲ. ಸುತ್ತಿಗೆಯಿಂದ ಒಂದೆರಡು ಕೊಟ್ಟಳು. ಬೀಗ ಇನ್ನೂ ಬಿಗಿದುಕೊಂಡಿತು. ಗುಜರಿ ಮಾವನಿಗೆ ಫೋನ್ ಮಾಡಿದಳು. "ನಮ್ಮ ಬೀಗದ ಹುಡುಗನ್ನ ಕಳಿಸ್ತೀನಿ," ಅಂದರು.

ಬಂದವನ ಕೈಯಲ್ಲಿ ಪುಟ್ಟ ತಗಡಿನ ಪೆಟ್ಟಿಗೆ. ಅದೇ ಕಣ್ಣು.

ಅವಳು ಸುತ್ತಿಗೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

"ಸುತ್ತಿಗೆ ಯಾಕೆ?" ಅಂದ ಅವನು.

"ಮೊಳೆ ಹೊಡೀತಿದ್ದೆ."

"ಬೀದೀಲಿ ನಿಂತು? ಗಾಳಿಗಾ?"

ಅವಳು ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿದಳು. ಅವನು ಮಂಡಿಯೂರಿ ಬೀಗಕ್ಕೆ ಕಿವಿ ಹಚ್ಚಿದ. ತೆಳ್ಳಗಿನ ಕಡ್ಡಿಗಳನ್ನು ಒಂದೊಂದಾಗಿ ಒಳಗಿಟ್ಟ. "ಯಾರೋ ಹೊಡೆದಿದ್ದಾರೆ ಇದಕ್ಕೆ," ಎಂದು ಬೀಗಕ್ಕೇ ಹೇಳಿದ. "ಪಾಪ. ಬಾ ಪುಟ್ಟಾ, ಬಾ. ಹೆದರ್ಕೋಬೇಡ." ಟಿಕ್ ಎಂದಿತು. ಬಾಗಿಲು ತೆರೆಯಿತು.

ಎದುರಿಗೇ ಹಸಿರು ಬಾಗಿಲು ಗೋಡೆಗೊರಗಿ ನಿಂತಿತ್ತು. ಅವನ ಮುಖದಿಂದ ನಗು ಇಳಿದುಹೋಯಿತು.

"ಇಷ್ಟು ನಯವಾಗಿ ತೆಗೀತೀರಲ್ಲ," ಅವಳು ದೂರದಿಂದಲೇ ಕೇಳಿದಳು. "ಅವತ್ತು ನಿಮ್ಮಕ್ಕನ ಬಾಗಿಲಿಗೆ ಕೊಡಲಿ ಯಾಕೆ?"

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ಭಾವ ಒಳಗಿಂದ ಬೀಗ ಹಾಕಿದ್ದ. ಅವನ ಕೈಯಲ್ಲಿ ಕಬ್ಬಿಣದ ಪೈಪಿತ್ತು. ಮೊದಲು ಎರಡು ಸದ್ದು ಕೇಳಿಸ್ತಿತ್ತು. ಪೈಪಿಂದು ಒಂದು, ಅಕ್ಕಂದು ಒಂದು. ಆಮೇಲೆ ಅಕ್ಕನ ಸದ್ದು ನಿಂತುಹೋಯ್ತು. ಪೈಪಿಂದು ನಿಲ್ಲಲಿಲ್ಲ." ಅವನು ಬಲಗೈ ನೋಡಿಕೊಂಡ. "ಎಂಥೆಂಥ ಬೀಗ ತೆಗೆದಿದ್ದೀನಿ. ಅವತ್ತು ಕೈ ನಡುಗಿ ಕಡ್ಡಿ ಬೀಗದೊಳಗೇ ಮುರೀತು. ಪಕ್ಕದ ಮನೆಯವರ ಕೊಡಲಿ ತಗೊಂಡೆ."

ಅವಳ ಕೈಯಿಂದ ಸುತ್ತಿಗೆ ಜಾರಿತು. ಹೊರಗಿನಿಂದ ಬಿದ್ದ ಏಟಿಗೆ ಅವಳು ಈವರೆಗೆ ಒಂದೇ ಅರ್ಥ ಓದಿದ್ದಳು. ಅಮ್ಮ ಇವಳನ್ನು ಎಳೆದುಕೊಂಡು ಕೋಣೆ ಸೇರಿ ಚಿಲಕ ಹಾಕಿದಾಗ ಹೊರಗೆ ನಿಂತು ಬಡಿಯುತ್ತಿದ್ದವನು ಯಾವಾಗಲೂ ಅಪ್ಪನೇ.

"ನಾನು ತಪ್ಪಾಗಿ ಓದಿದೆ," ಅಂದಳು. "ಕ್ಷಮಿಸಿ."

"ಪೂರ್ತಿ ತಪ್ಪೇನಲ್ಲ." ಅವನು ತಲೆಯೆತ್ತಲಿಲ್ಲ. "ಬಾಗಿಲು ತೆರೆದ ಮೇಲೆ ಕೊಡಲಿ ಬಿಸಾಕಿ ಅವನಿಗೆ ಕೈಯಲ್ಲೇ ಹೊಡೆದೆ. ಬಿದ್ದ. ಬಿದ್ದ ಮೇಲೂ ಹೊಡೆದೆ. ಮುಖ ಮುಖದ ಹಾಗಿರಲಿಲ್ಲ, ಆದರೂ ಹೊಡೆದೆ. ನಿಲ್ಲಿಸೋಕೆ ಆಗಲಿಲ್ಲ ಅಂತ ಪೊಲೀಸರಿಗೆ ಹೇಳಿದೆ. ಸುಳ್ಳು. ನಿಲ್ಲಿಸೋದು ನನಗೆ ಬೇಕಿರಲಿಲ್ಲ. ಕೊನೆಗೆ ಅಕ್ಕನೇ ತೆವಳಿಕೊಂಡು ಬಂದು ನನ್ನ ಕಾಲು ಹಿಡ್ಕೊಂಡಳು." ಎದ್ದು ನಿಂತ. "ಅದಕ್ಕೇ ಮದುವೆ ಗಿದುವೆ ಅಂತ ಯೋಚನೆ ಇಟ್ಕೊಂಡಿಲ್ಲ. ಇಂಥ ಕೈ ಒಬ್ಬಳ ಮನೇಲಿ ಇರಬಾರದು."

"ಮದುವೆ ವಿಷಯ ಈಗ ಯಾರು ಕೇಳಿದ್ರು?"

ಅವನ ಕಿವಿ ಕೆಂಪಾದದ್ದು ಅವಳಿಗೆ ಅಷ್ಟು ದೂರದಿಂದಲೂ ಕಂಡಿತು.

*

ಮತ್ತೆ ಬಂದ. ಜನ ಕಲ್ಲಿನಿಂದ ಜಜ್ಜಿದ ಬೀಗಗಳನ್ನು ಒಂದು ಚೀಲದ ತುಂಬ ತಂದು ನೆಲಕ್ಕೆ ಸುರಿದ. "ಗುಜರಿ ರಾಣಿಗೆ ಕಾಣಿಕೆ."

"ಹುಡುಗಿಯರಿಗೆ ಜನ ಹೂವು ತರ್ತಾರೆ."

"ಹೂವು ಜಜ್ಜಿ ತಂದಿದ್ರೆ ತಗೋತಿದ್ರೇನೋ."

ಅವಳು ನಕ್ಕಳು. ಆ ನಗುವನ್ನು ಮತ್ತೆ ನೋಡಲಿಕ್ಕೆಂದು ಅವನು ಮರುದಿನವೂ ಬಂದ.

ಕೆಲಸದಲ್ಲಿ ಅವರದೊಂದು ಪದ್ಧತಿಯಾಯಿತು. ಅವನು ಸುತ್ತಿಗೆ ಮುಟ್ಟುತ್ತಿರಲಿಲ್ಲ. ಮೊಳೆ ಹಿಡಿಯುತ್ತಿದ್ದ, ಹೊಡೆಯುವವಳು ಅವಳು. ಅವನ ಎರಡು ಬೆರಳ ನಡುವೆ ಸಣ್ಣ ಮೊಳೆ, ಅವಳ ಕೈಯಲ್ಲಿ ದಪ್ಪ ಸುತ್ತಿಗೆ. ಅವಳು ಎತ್ತಿದಾಗ ಅವನು ಸುತ್ತಿಗೆಯನ್ನು ನೋಡುತ್ತಿರಲಿಲ್ಲ, ಅವಳ ಹುಬ್ಬನ್ನು ನೋಡುತ್ತಿದ್ದ. ಹೊಡೆಯುವ ಮುಂಚೆ ಅವಳ ಎಡ ಹುಬ್ಬು ಒಂಚೂರು ಮೇಲೇರುತ್ತಿತ್ತು.

"ಮೊಳೆ ನೋಡ್ರೀ. ಬೆರಳು ಹೋಗುತ್ತೆ."

"ಹೋದರೆ ನಿಮ್ಮ ಗೋಡೆಗೆ ಹಾಕ್ಕೊಳ್ಳಿ."

ಒಂದು ದಿನ ನಿಜಕ್ಕೂ ಜಾರಿತು. ಹೆಬ್ಬೆರಳಿನ ಉಗುರು ಕಣ್ಣೆದುರೇ ನೀಲಿಯಾಯಿತು. ಅವನು ಹಲ್ಲು ಕಚ್ಚಿ ಕೂತ. ಅವಳು ಗಾಬರಿಯಲ್ಲಿ ಆ ಕೈಯನ್ನು ತನ್ನ ಎರಡೂ ಅಂಗೈಯೊಳಗೆ ತೆಗೆದುಕೊಂಡು ಊದಿದಳು. ಇದೇ ಕೈ, ಅಂದುಕೊಂಡಳು. ಬಿಸಿಯಾಗಿತ್ತು, ಎಣ್ಣೆಯ ವಾಸನೆಯಿತ್ತು, ಹಿಡಿದಿದ್ದಷ್ಟು ಹೊತ್ತು ಅಲುಗಲಿಲ್ಲ.

"ಊದಿದರೆ ಹೋಗುತ್ತಾ?" ಅಂದ.

"ಹೋಗಲ್ಲ."

"ಹಾಗಾದರೆ ಇನ್ನೊಂದು ಸಲ ಊದಿ."

ಪ್ರದರ್ಶನ ಹತ್ತಿರವಾಯಿತು. ಗ್ಯಾಲರಿಯ ಮೇಡಂ ಬಂದು ನೋಡಿ, ನಡುವಿನ ಹಾಲ್ ಹಸಿರು ಬಾಗಿಲಿಗೆ ಎಂದುಬಿಟ್ಟರು. ಆದರೆ ಅದನ್ನು ನಿಲ್ಲಿಸುವುದೋ ಬೇಡವೋ ಹೇಳಬೇಕಾದವಳು ಬೇರೆ.

ಅಕ್ಕ ಊರಿನ ಇನ್ನೊಂದು ತುದಿಯಲ್ಲಿ, ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ, ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ಭಾವ ಜಾಮೀನಿನ ಮೇಲೆ ಹೊರಗೆ ಬಂದು ಅವಳನ್ನು ಹುಡುಕುತ್ತಿದ್ದ. ಸಿಕ್ಕರೆ ಈ ಸಲ ಮುಗಿಸಿಯೇಬಿಡುತ್ತೇನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬಡಾವಣೆ ಯಾವುದೆಂಬಷ್ಟು ಅವನ ಕಿವಿಗೆ ಬಿದ್ದಿತ್ತು; ಬೀದಿ, ಮನೆ ಯಾವುದೆಂದು ತಮ್ಮನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ತಲೆಗೆ ಬಿದ್ದ ಏಟಿನಿಂದ ಅಕ್ಕನಿಗೇ ಮರೆತುಹೋಗುತ್ತಿತ್ತು; ಅಂಗಡಿಯಿಂದ ಬರುವಾಗ ಯಾವ ಮನೆ ಎಂದು ತಿಳಿಯದೆ ಬೀದಿಯಲ್ಲಿ ನಿಂತುಬಿಡುತ್ತಿದ್ದಳು. ಅದಕ್ಕೆ ತಮ್ಮ ಅವಳ ಕೀಲಿಗಳ ಮೇಲೆಲ್ಲ ಬೀದಿಯ ನಂಬರು, ಮನೆಯ ನಂಬರು ಎರಡನ್ನೂ ಪಂಚ್ ಹೊಡೆದು ಕೊಟ್ಟಿದ್ದ.

"ನೀನೇನಾ ನನ್ನ ಬಾಗಿಲು ಎತ್ತಿಕೊಂಡು ಹೋದವಳು?" ಅಕ್ಕ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿ ಕೇಳಿದಳು. ಬಲಗಡೆಯ ಕೆನ್ನೆಯ ಮೂಳೆ ಒಳಗೆ ಕುಸಿದಿತ್ತು. ನಕ್ಕರೆ ಅರ್ಧ ಮುಖ ಮಾತ್ರ ನಗುತ್ತಿತ್ತು. "ಇವನು ಬಾಯಿ ಬಿಟ್ಟರೆ ನಿನ್ನದೇ ಮಾತು. ಮೊದಲು ಬೀಗದ ಮಾತಾಡ್ತಿದ್ದ. ಈಗ ನನಗೂ ಸ್ವಲ್ಪ ಬದಲಾವಣೆ."

"ಅಕ್ಕಾ, ಸುಮ್ನಿರೇ."

"ಬಾಗಿಲು ನಿಲ್ಲಿಸು ತಾಯಿ," ಅಕ್ಕ ಅವಳಿಗೆ ಹೇಳಿದಳು. "ಆದರೆ ಒಳಗಿನ ಮೈ ಜನದ ಕಡೆಗಿರಲಿ. ನಾನು ನೋಡಿದ್ದು ಅದನ್ನೇ."

ಹೊರಡುವಾಗ ಅವಳಿಗೊಂದು ಆಸೆ ಹುಟ್ಟಿತು. ಒಡೆದ ಬಾಗಿಲಿನ ಪಕ್ಕ, ಒಂದೇ ಒಂದು ದಾರದಲ್ಲಿ, ಹೊಸ ಬಾಗಿಲಿನ ಕೀಲಿ. ಅಕ್ಕ ಮರುಮಾತಿಲ್ಲದೆ ಒಂದು ಕೀಲಿ ತೆಗೆದುಕೊಟ್ಟಳು.

ಗ್ಯಾಲರಿಯಲ್ಲಿ ಅದನ್ನು ತೂಗುಹಾಕುವಾಗ ಅವನು ಪೆಟ್ಟಿಗೆಯಿಂದ ಅರ ತೆಗೆದ. "ನಂಬರು ಉಜ್ಜಿಬಿಡ್ಲಾ?"

ಅವಳು ಆ ಅಂಕಿಗಳನ್ನು ನೋಡಿದಳು. ಅಕ್ಕ ದಾರಿ ತಪ್ಪಬಾರದೆಂದು ತಮ್ಮ ಹೊಡೆದ ಏಟುಗಳು. ಇಡೀ ಹಾಲಿನಲ್ಲಿ ಅಷ್ಟು ಮೆತ್ತಗಿನ ಏಟು ಇನ್ನೊಂದಿರಲಿಲ್ಲ.

"ನಾನು ಅರ ಹಾಕಲ್ಲ, ಗೊತ್ತಲ್ಲ."

"ಗೋಡೆ ಕಡೆ ತಿರುಗಿಸಿದರೆ ಸಾಕು, ಬಿಡಿ," ಅಂದ ಅವನು. ಅವನಿಗೂ ಉಜ್ಜಲು ಮನಸ್ಸಿರಲಿಲ್ಲ. ಅವನೇ ತಿರುಗಿಸಿ ಕಟ್ಟಿದ.

*

ಪ್ರದರ್ಶನಕ್ಕೆ ಜನ ಬಂದರು. ಪತ್ರಿಕೆಯಲ್ಲಿ ಹಸಿರು ಬಾಗಿಲಿನ ಫೋಟೋ ಬಂದ ಮೇಲೆ ಇನ್ನೂ ಹೆಚ್ಚು ಬಂದರು. ಕೆಲವರು ಉಗುರಿನ ಗೀರುಗಳ ಮುಂದೆ ಬಗ್ಗಿ ಹಾಗೆಯೇ ನಿಂತುಬಿಡುತ್ತಿದ್ದರು. ಮೇಡಂ ಸೆಕೆ ಎಂದು ಹಾಲಿನ ಮೂಲೆಯಲ್ಲಿ ಒಂದು ಫ್ಯಾನ್ ಇರಿಸಿದರು.

ಇಸ್ತ್ರಿ ಮಾಡಿದ ಬಿಳಿ ಶರಟಿನ ಒಬ್ಬಾತ ಬಾಗಿಲಿನ ಸುತ್ತ ಒಂದು ಸುತ್ತು ಬಂದ. ಮೂಗು ಒಂದು ಕಡೆಗೆ ವಾಲಿತ್ತು. ಮಾತು ಮಾತ್ರ ಬೆಣ್ಣೆ.

"ಇದು ನಿಮ್ಮ ಕೆಲಸವಾ ಮೇಡಂ? ತುಂಬ ಚೆನ್ನಾಗಿದೆ. ಒಡೆದವನು ಯಾರೋ ಮಹಾ ಮುಂಗೋಪಿ ಇರಬೇಕು."

"ಇಲ್ಲ ಸರ್," ಅವಳು ಸಂತೋಷದಿಂದಲೇ ಹೇಳಿದಳು. "ಒಳಗಿದ್ದವರ ಮೇಲೆ ತುಂಬ ಪ್ರೀತಿ ಇದ್ದವನು."

"ಹೌದಾ." ಅವನು ಮುಗುಳ್ನಕ್ಕ. "ಈ ಕೀಲಿ?"

"ಅದು ಅವರ ಹೊಸ ಮನೇದು."

ಅಷ್ಟರಲ್ಲಿ ಯಾರೋ ಕರೆದರು. ಅವಳು ಹೋಗಿ, ಎರಡು ಮಾತಾಡಿ, ತಿರುಗಿ ಬಂದಾಗ ಬಿಳಿ ಶರಟು ಇರಲಿಲ್ಲ. ಬಾಗಿಲಿನ ಪಕ್ಕ ಬರೀ ದಾರ, ಫ್ಯಾನಿನ ಗಾಳಿಗೆ ಸುತ್ತುತ್ತಿತ್ತು. ಸುತ್ತುತ್ತಿತ್ತು. ಕೀಲಿಯೂ ಬೆಳಗಿನಿಂದ ಹೀಗೆಯೇ ಸುತ್ತುತ್ತಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು. ನಂಬರು ಗೋಡೆಯ ಕಡೆಗೊಮ್ಮೆ, ಜನರ ಕಡೆಗೊಮ್ಮೆ.

ವಾಲಿದ ಮೂಗು. *ಮುಖ ಮುಖದ ಹಾಗಿರಲಿಲ್ಲ, ಆದರೂ ಹೊಡೆದೆ.*

ಅವಳು ಹೊರಗೆ ಓಡಿದಳು. ಬೀಗದವನು ಮೆಟ್ಟಿಲ ಹತ್ತಿರ ಟೀ ಕುಡಿಯುತ್ತಿದ್ದ. ಅವಳ ಮುಖ ನೋಡಿಯೇ ಲೋಟ ಕೆಳಗಿಟ್ಟ.

"ಕೀಲಿ ಹೋಯ್ತು," ಅಂದಳು. "ಅವನೇ."

*

ಇಬ್ಬರೂ ಆಟೋ ಹತ್ತಿದರು. ಅವಳು ಪೊಲೀಸರಿಗೆ ಫೋನ್ ಮಾಡಿ ವಿಳಾಸ ಹೇಳಿದಳು. ಅಕ್ಕನ ಫೋನು ರಿಂಗಾಗುತ್ತಲೇ ಇತ್ತು.

ಬೀದಿಗೆ ಬಂದಾಗಲೇ ಕೇಳಿಸಿತು. ದಬ್. ದಬ್. ಮೆತ್ತನೆಯದೇನಕ್ಕೋ ಗಟ್ಟಿಯಾದದ್ದೇನೋ ಬಡಿಯುವ ಸದ್ದು. ಅಕ್ಕಪಕ್ಕದ ಕಿಟಕಿಗಳಲ್ಲಿ ಮುಖಗಳಿದ್ದವು. ಯಾವ ಬಾಗಿಲೂ ತೆರೆದಿರಲಿಲ್ಲ. ಅಕ್ಕನ ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿತ್ತು.

ಅವಳ ಕೈಚೀಲದಲ್ಲಿ ಸುತ್ತಿಗೆ ಇದ್ದೇ ಇರುತ್ತಿತ್ತು. ತೆಗೆದು ಎತ್ತಿದಳು. "ಒಡೀತೀನಿ."

"ಬೇಡ." ಅವನು ಆಗಲೇ ಮಂಡಿಯೂರಿದ್ದ. "ಒಡೆಯೋಕೆ ಹೊತ್ತಾಗುತ್ತೆ. ಅಷ್ಟರಲ್ಲಿ ಕೊಂದುಹಾಕ್ತಾನೆ."

ಒಳಗೆ ಏನೋ ಮಗುಚಿ ಬಿತ್ತು. ಅಕ್ಕನ ಚೀತ್ಕಾರ ಒಮ್ಮೆ ಎದ್ದು ನಿಂತುಹೋಯಿತು. ಅವನ ಬೆನ್ನು ಬಿಲ್ಲಿನಂತೆ ಬಿಗಿಯಿತು. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಕಡ್ಡಿ ಒಳಗೆ ಹೋಯಿತು. ಇನ್ನೊಂದು ಹೋಯಿತು. ಬೆವರಿನ ಹನಿ ಮೂಗಿನ ತುದಿಯಿಂದ ಬೀಗದ ಮೇಲೆ ಬಿತ್ತು. ದಬ್ ಎಂದಿತು ಒಳಗೆ. ಅವನ ಬೆರಳು ನಡುಗಲಿಲ್ಲ. ಟಿಕ್ ಎಂದಿತು.

ಹೊಲಿಗೆ ಮಿಷನ್ ನೆಲಕ್ಕುರುಳಿತ್ತು. ದಾರದ ಉಂಡೆಗಳು ರಕ್ತದಲ್ಲಿ ಉರುಳಾಡಿದ್ದವು. ಅಕ್ಕ ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ನಿಂತಿದ್ದಳು. ಹಣೆ ಸೀಳಿ ಒಂದು ಕಣ್ಣಿಗೆ ರಕ್ತ ಇಳಿದಿತ್ತು. ಬಿಳಿ ಶರಟಿನವನ ಕಿವಿಯಿಂದಲೂ ರಕ್ತ ಸುರಿಯುತ್ತಿತ್ತು. ಅಕ್ಕ ಸುಮ್ಮನೆ ಏಟು ತಿಂದಿರಲಿಲ್ಲ. ಅವನ ಒಂದು ಕೈಯಲ್ಲಿ ಮುರಿದ ಸ್ಟೂಲಿನ ಕಾಲು, ಇನ್ನೊಂದರಲ್ಲಿ ಅವಳದೇ ಬಟ್ಟೆ ಕತ್ತರಿ.

ತಿರುಗಿದವನೇ ಕತ್ತರಿ ಬೀಸಿದ. ಬೀಗದವನ ಮುಂಗೈ ಮೊಣಕೈವರೆಗೂ ಬಾಯಿಬಿಟ್ಟಿತು. ಅವನು ಹಿಂದೆ ಸರಿಯಲಿಲ್ಲ. ತಲೆಯಿಂದ ಗುದ್ದಿದ. ಇಬ್ಬರೂ ಮಿಷನ್ನಿನ ಮೇಲೆ ಬಿದ್ದರು. ಕತ್ತರಿ ಹಾರಿತು, ಅವಳು ಅದನ್ನು ಕಾಲಿನಿಂದ ಮಂಚದ ಕೆಳಗೆ ಒದ್ದಳು. ಸ್ಟೂಲಿನ ಕಾಲು ಬೀಗದವನ ಬೆನ್ನಿಗೆ ಬಿತ್ತು, ಮತ್ತೆ ಬಿತ್ತು. ಅವಳು ಸುತ್ತಿಗೆ ಬೀಸಿದಳು. ಬಿಳಿ ಶರಟಿನವನ ಮಣಿಕಟ್ಟು ಕಟಕ್ಕೆಂದಿತು. ಆ ಸದ್ದು ಅವಳ ಹಲ್ಲಿನ ಬುಡದವರೆಗೂ ಬಂತು.

ಆಮೇಲೆ ಬೀಗದವನು ಮೇಲಿದ್ದ. ಮುಷ್ಟಿ ಎದ್ದಿತು, ಬಿತ್ತು. ಎದ್ದಿತು, ಬಿತ್ತು. ಬಿಳಿ ಶರಟಿನವನ ತುಟಿ ಒಡೆಯಿತು, ಕೈ ಸೋತು ನೆಲಕ್ಕೆ ಬಿತ್ತು. ಮುಷ್ಟಿ ಮತ್ತೆ ಎದ್ದಿತು.

ಅಕ್ಕ ಕರೆಯಲಿಲ್ಲ. ಅವಳೂ ಕರೆಯಲಿಲ್ಲ.

ಮುಷ್ಟಿ ಮೇಲೆಯೇ ನಿಂತಿತು. ಅವನ ಭುಜ ಒಂದೇ ಸಮನೆ ನಡುಗಿತು, ಭಾರದ ಕಲ್ಲು ಎತ್ತಿ ಹಿಡಿದವನ ಹಾಗೆ. ನಂತರ ಅವನು ಆ ಮುಷ್ಟಿಯನ್ನು ಬಿಚ್ಚಿ, ಕೆಳಗೆ ಬಿದ್ದಿದ್ದವನ ಕಾಲರ್ ಹಿಡಿದ. ದರದರನೆ ಎಳೆದುಕೊಂಡು ಹೋಗಿ ಬಚ್ಚಲುಮನೆಗೆ ನೂಕಿ, ಹೊರಗಿನಿಂದ ಚಿಲಕ ಹಾಕಿದ. ಬಾಗಿಲಿಗೆ ಬೆನ್ನು ಕೊಟ್ಟು ಜಾರಿ ಕೂತ. ತೋಳಿನ ರಕ್ತ ಹೊಸ್ತಿಲಿಗೆ ಹರಿಯಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಡಿತ ಶುರುವಾಯಿತು. ಬೈಗುಳ, ಒದೆತ, ಆಮೇಲೆ ಗೋಗರೆತ. "ಏ, ತೆಗಿಯೇ. ಉಸಿರು ಕಟ್ತಿದೆ. ತೆಗೀ ಅಂದೆ!"

ಅಕ್ಕ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. ಒಂದು ಕುರ್ಚಿ ಎಳೆದುಕೊಂಡು ಬಚ್ಚಲಿನ ಬಾಗಿಲಿಗೆ ಎದುರಾಗಿ ಕೂತಳು.

"ಬಡೀಲಿ ಬಿಡು," ಅಂದಳು. "ಪೊಲೀಸರು ಬರೋ ತನಕ ನಾನು ಕೇಳಿಸ್ಕೋತೀನಿ."

*

ಪೊಲೀಸರು ಬಂದು ಬಿಳಿ ಶರಟಿನವನಿಗೆ ಕೋಳ ತೊಡಿಸಿ ಕರೆದೊಯ್ದ ಮೇಲೆ, ಆಸ್ಪತ್ರೆಯಲ್ಲಿ ತೋಳಿಗೆ ಹೊಲಿಗೆ ಹಾಕಿಸಿಕೊಂಡು ಹೊರಬಂದ ಅವನ ಮುಂದೆ ಅವಳು ನಿಂತಳು.

"ಅರ ಬೇಡ ಅಂದವಳು ನಾನು. ಅವನಿಗೆ ದಾರಿ ತೋರಿಸಿದ್ದು ನಾನು. ಹೊಸ ಮನೆ ಕೀಲಿ ಅಂತ ಬಾಯಿಬಿಟ್ಟು ಹೇಳಿದ್ದೂ ನಾನೇ."

"ತಿರುಗಿಸಿದರೆ ಸಾಕು ಅಂದವನು ನಾನು," ಅಂದ. ಮುಖ ಕಲ್ಲಾಗಿತ್ತು. "ಆದರೂ ನಿಮ್ಮ ಮೇಲೆ ಬರ್ತಿರೋ ಕೋಪ ನಿಲ್ತಿಲ್ಲ. ಹೋಗಿ ನೀವು. ದಯವಿಟ್ಟು ನನ್ನ ಎದುರು ನಿಲ್ಲಬೇಡಿ."

ಅವನ ಕಣ್ಣಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು. ಅವಳು ಹೊರಟುಹೋದಳು.

ಪ್ರದರ್ಶನ ಮುಗಿಯಿತು. ಅವನು ಬರಲಿಲ್ಲ. ಬೀಗ ಕಚ್ಚಿಕೊಳ್ಳಲಿ ಎಂದು ಅವಳು ದಿನವೂ ಕೀಲಿಯನ್ನು ವಕ್ರವಾಗಿ ತಿರುಗಿಸುತ್ತಿದ್ದಳು. ದರಿದ್ರ ಬೀಗ ಬೆಣ್ಣೆಯ ಹಾಗೆ ತೆರೆಯುತ್ತಿತ್ತು.

ಅಕ್ಕನನ್ನು ನೋಡಲು ಹೋದಳು. ಹೊಸ್ತಿಲಲ್ಲೇ ನಿಂತಳು.

"ಒಳಗೆ ಬಾ. ಮೊದಲು ಈ ಸೂಜಿಗೆ ದಾರ ಪೋಣಿಸಿಕೊಡು, ನನಗೆ ಇನ್ನೂ ಎರಡೆರಡು ಕಾಣುತ್ತೆ."

ಅವಳು ಪೋಣಿಸಿದಳು. ಕಣ್ಣೀರಿಗೆ ಅವಳಿಗೂ ಎರಡೆರಡು ಕಂಡಿತು.

"ತಪ್ಪು ನಿನ್ನದು," ಅಕ್ಕ ಹೇಳಿದಳು. "ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ಏಟು ಅವನದು. ಎರಡನ್ನೂ ಒಂದೇ ತಕ್ಕಡೀಲಿ ಹಾಕಿ ತೂಗಬೇಡ. ಇಷ್ಟು ವರ್ಷ ನಾನು ಅದನ್ನೇ ಮಾಡ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಗಿದ್ದು ನನ್ನ ತಪ್ಪು, ಅದಕ್ಕೇ ಹಲ್ಲು ಉದುರಿಸಿದ ಅಂತ."

"ಅವರು ಹೇಗಿದ್ದಾರೆ?"

"ಸಿಟ್ಟು ಮಾಡ್ಕೊಂಡು ಕೂತಿದ್ದಾನೆ. ಕೂತಿರಲಿ. ಅವನಿಗೂ ಒಂದು ಪರೀಕ್ಷೆ ಬೇಕಿತ್ತು."

ಯಾವ ಪರೀಕ್ಷೆ ಎಂದು ಅಕ್ಕ ಹೇಳಲಿಲ್ಲ.

*

ಅವನು ಬಂದಾಗ ಅವಳು ಗ್ಯಾರೇಜಿನಲ್ಲಿ ಯಾರೋ ಸಿಟ್ಟಿನಲ್ಲಿ ಸೀಳಿದ ಛತ್ರಿಯೊಂದನ್ನು ಬಿಡಿಸುತ್ತಿದ್ದಳು. ನಡು ಮಧ್ಯಾಹ್ನ. ತಗಡು ಕಾದು ಚಟಚಟ ಎನ್ನುತ್ತಿತ್ತು. ಅವನ ಬ್ಯಾಂಡೇಜು ಬಿಚ್ಚಿತ್ತು. ತೋಳಿನ ಉದ್ದಕ್ಕೂ ಹೊಲಿಗೆಯ ಗುರುತು.

"ನಿಮ್ಮ ಮೇಲೆ ನನಗೆ ಕೋಪ ಇದೆ," ಬಾಗಿಲಲ್ಲೇ ನಿಂತು ಅಂದ.

"ಗೊತ್ತು."

"ಹೋಗಿಲ್ಲ ಅದು. ಬರುವಾಗ ದಾರೀಲೂ ಇತ್ತು."

"ಬಯ್ಯೋಕೆ ಬಂದ್ರಾ?"

"ಅದಕ್ಕಲ್ಲ. ಹೂಂ, ಅದಕ್ಕೂ." ಅವನು ಒಳಗೆ ಬಂದು ಕೂತ. ಎರಡೂ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದ. "ಇಷ್ಟು ದಿನ ಇಷ್ಟೊಂದು ಕೋಪ ಇಟ್ಕೊಂಡು ಮನೇಲಿ ಓಡಾಡಿದೆ. ನಿಮ್ಮನ್ನ ಬೈಕೊಂಡೇ ಟೀ ಮಾಡಿದೆ. ಬೈಕೊಂಡೇ ಬಟ್ಟೆ ಒಗೆದೆ. ಒಂದು ಲೋಟ ಎಸೆದಿಲ್ಲ ಕಣ್ರೀ. ಬಾಗಿಲು ಕೂಡ ಜೋರಾಗಿ ಹಾಕಿಲ್ಲ. ಕೈ ಎದುರಿಗೆ ಇಟ್ಕೊಂಡು ಕಾಯ್ತಾ ಕೂತಿದ್ದೆ, ಈಗ ಏಳುತ್ತೆ, ಈಗ ಏಳುತ್ತೆ ಅಂತ." ಅವನ ದನಿ ಒಡೆಯಿತು. "ಏಳಲೇ ಇಲ್ಲ. ಅವತ್ತು ಅವನ ಮೇಲೆ ಎದ್ದದ್ದೂ ನಿಂತಿತು. ನಿಮ್ಮ ಮೇಲಂತೂ ಏಳೋದೇ ಇಲ್ಲ."

ಅವಳಿಗೆ ಅಳು ಬರುತ್ತಿತ್ತು, ಅದರ ಬದಲು ಬಾಯಿಗೆ ಬಂದದ್ದು ಬೇರೆ.

"ಏನೂ ಒಡೆದಿಲ್ವಾ? ಮುಂದಿನ ಪ್ರದರ್ಶನಕ್ಕೆ ನಾನು ಏನು ಇಡಲಿ ಹಾಗಾದರೆ?"

ಅವನು ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡ. "ಒಂದು ವಿಷಯ ಕೇಳಬೇಕು ಅಂತ ಬಂದಿದ್ದೀನಿ. ಮೊದಲು ಬೈದು ಮುಗಿಸ್ತೀನಿ. ಕೋಪ ಹೊಟ್ಟೇಲಿಟ್ಕೊಂಡು ಅಂಥ ಮಾತು ಕೇಳಬಾರದು."

"ಬಯ್ಯಿರಿ." ಅವಳು ಛತ್ರಿ ಪಕ್ಕಕ್ಕಿಟ್ಟು ಅವನ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು.

ಅವನು ಬೈದ. ನಿಜವಾಗಿಯೇ ಬೈದ. ಹಟದ ಬಗ್ಗೆ, ಅರದ ಬಗ್ಗೆ, ಗುರುತಿಲ್ಲದವನ ಮುಂದೆ ಹಲ್ಲು ಕಿರಿದು ಕೀಲಿಯ ಕಥೆ ಹೇಳಿದ್ದರ ಬಗ್ಗೆ. ದನಿ ಏರುತ್ತಾ ಹೋಯಿತು, 'ನೀವು' ಹೋಗಿ ಯಾವಾಗಲೋ 'ನೀನು' ಆಯಿತು, ತಗಡಿನ ಮಾಡೆಲ್ಲ ಗುಂಯ್‌ಗುಟ್ಟಿತು. ಅವಳು ನೇರವಾಗಿ ಅವನ ಕಣ್ಣು ನೋಡುತ್ತ ಕೇಳಿಸಿಕೊಂಡಳು. ಅಂಗಾತ ಮಲಗಿದ್ದ ಆ ಎರಡು ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು. ಅವು ಅವಳ ಬೆರಳನ್ನು ಹಿಡಿದುಕೊಂಡವು. ಬಾಯಿ ಮಾತ್ರ ಬೈಯುತ್ತಲೇ ಇತ್ತು.

"...ಪ್ರಪಂಚದಲ್ಲಿ ಯಾರಾದ್ರೂ ಅಂಥ ಕೆಲಸ ಮಾಡ್ತಾರಾ, ಹೇಳು ನೋಡೋಣ?"

"ಹೂಂ," ಅಂದಳು.

"ಏನು ಹೂಂ?"

"ನೀನು ಆಮೇಲೆ ಕೇಳ್ತೀನಿ ಅಂದೆಯಲ್ಲ, ಅದಕ್ಕೆ. ಉತ್ತರ ಈಗಲೇ ಕೊಟ್ಟಿರ್ತೀನಿ."

ಅವನ ಬಾಯಿ ತೆರೆದಂತೆಯೇ ಇತ್ತು. ಕಿವಿ ಕೆಂಪಾಗುತ್ತಾ ಬಂತು.

"ನಾನಿನ್ನೂ ಬೈದು ಮುಗಿಸಿಲ್ಲ," ಅಂದ, ಬಹಳ ಮೆಲ್ಲಗೆ.

"ಮುಗಿಸು ಮತ್ತೆ. ನನಗೇನು ಅವಸರ ಇಲ್ಲ."